ಟರ್ಬೊ ಹಾಕಿದ ಎಂಜಿನ್‌ಗೆ ಬಾಗುವ ಡಿಪ್‌ಸ್ಟಿಕ್: ಕೂರಿಸುವುದು ಹೇಗೆ, ಗುರುತು ಹಾಕುವುದು ಹೇಗೆ

ಕಂಪನಿಯಿಂದ ಟರ್ಬೊ ಇಲ್ಲದೆ ಬಂದ ಎಂಜಿನ್‌ಗೆ ಟರ್ಬೊ ಹಾಕಿಸಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಆಯಿಲ್ ಗೇಜಿನ, ಅಂದರೆ ಎಂಜಿನ್ ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಕಡ್ಡಿಯ, ಪ್ಲಾಸ್ಟಿಕ್ ಹಿಡಿ ಕರಗಿಹೋಗಿದೆ, ಏನು ಮಾಡುವುದು? ಗೇಜಿನ ಪೈಪು ಡೌನ್‌ಪೈಪಿಗೆ, ಅಂದರೆ ಟರ್ಬೊದಿಂದ ಹೊರಡುವ ಎಕ್ಸಾಸ್ಟ್ ಪೈಪಿಗೆ, ತಾಗುತ್ತಿದೆ, ಬಗ್ಗಿಸಬಹುದೇ? ಬಾಗುವ ಡಿಪ್‌ಸ್ಟಿಕ್ ತರಿಸಿದ್ದಾಯಿತು, ಅದು ತೋರಿಸುವ ಮಟ್ಟ ನಿಜವೇ?

ಮೊದಲ ಎರಡಕ್ಕೆ ಉತ್ತರ ಸುಲಭ. ಉಕ್ಕಿನ ಮೂಲ ಪೈಪು ಸಾಮಾನ್ಯವಾಗಿ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಪಕ್ಕದಲ್ಲೇ ಮೇಲೇರಿ, ಅಲ್ಲೇ ಒಂದು ಬೋಲ್ಟಿಗೆ ಕಟ್ಟಿಕೊಂಡಿರುತ್ತದೆ. ಟರ್ಬೊ ಮ್ಯಾನಿಫೋಲ್ಡ್ ಬಂದಾಗ ಆ ಜಾಗವೂ ಇಲ್ಲ, ಆ ಬೋಲ್ಟೂ ಇಲ್ಲ. ಆಧಾರವಿಲ್ಲದ ಪೈಪು ಅಲುಗಾಡಿ ಬ್ಲಾಕಿನ ಬುಡದಲ್ಲಿ ಬಿರುಕು ಬಿಡುತ್ತದೆ. ಬಗ್ಗಿಸಿದರೆ ಒಳಗಿನ ಕಡ್ಡಿ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಬಾಗುವ ಡಿಪ್‌ಸ್ಟಿಕ್ ಸರಿಯಾದ ಪರಿಹಾರವೇ. ಮೂರನೆಯ ಪ್ರಶ್ನೆಗೆ ಮಾತ್ರ ಉತ್ತರ ನಿಮ್ಮ ಕೈಯಲ್ಲೇ ಇದೆ: ನಿಮ್ಮ ಎಂಜಿನ್‌ನಲ್ಲಿ, ಅಂತಿಮವಾಗಿ ಕ್ಲ್ಯಾಂಪ್ ಬಿಗಿದ ಮೇಲೆ, ನೀವೇ ಹಾಕಿದ ಗುರುತನ್ನು ಮಾತ್ರ ನಂಬಿ. ಕಿಟ್‌ನ ಕಡ್ಡಿಯ ಮೇಲೆ ಮೊದಲೇ ಗೆರೆಗಳಿದ್ದರೂ ಅವು ನಿಮ್ಮ ಸಂಪಿಗೆ, ಅಂದರೆ ಎಂಜಿನ್ ಕೆಳಗಿನ ಆಯಿಲ್ ಚೇಂಬರಿಗೆ, ಹೊಂದುತ್ತವೆ ಎಂದು ಭಾವಿಸಬೇಡಿ.

ಟರ್ಬೊ ಎಂಜಿನ್‌ನಲ್ಲಿ ಈ ಮಟ್ಟಕ್ಕೆ ಇಷ್ಟು ಮಹತ್ವ ಏಕೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಆಯಿಲ್ ಕಡಿಮೆಯಾದರೆ ತಿರುವಿನಲ್ಲಿ ಅದು ಒಂದು ಬದಿಗೆ ಸರಿದು ಪಂಪಿನ ಬಾಯಿ ಗಾಳಿ ಎಳೆಯುತ್ತದೆ. ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಟರ್ಬೊ ಶಾಫ್ಟ್ ತೇಲುವುದೇ ಆಯಿಲಿನ ಪದರದ ಮೇಲೆ. ಆ ಪದರ ಕ್ಷಣಕಾಲ ಕಡಿದರೂ ಬೇರಿಂಗ್ ಸವೆಯುತ್ತದೆ. ಆಯಿಲ್ ಹೆಚ್ಚಾದರೆ ಇನ್ನೊಂದು ತೊಂದರೆ. ಟರ್ಬೊದಿಂದ ಆಯಿಲ್ ಕೆಳಗಿಳಿಯುವ ರಿಟರ್ನ್ ಪೈಪಿನ ಬಾಯಿ ಮುಳುಗುತ್ತದೆ. ಆ ಪೈಪಿನಲ್ಲಿ ಒತ್ತಡವಿಲ್ಲ, ಆಯಿಲ್ ಬರೀ ತನ್ನ ಭಾರದಿಂದ ಇಳಿಯಬೇಕು. ಬಾಯಿ ಮುಳುಗಿದರೆ ಆಯಿಲ್ ಟರ್ಬೊದಲ್ಲೇ ನಿಂತು, ಸೀಲ್ ದಾಟಿ ಎಕ್ಸಾಸ್ಟಿಗೆ ಹೋಗಿ ನೀಲಿ ಹೊಗೆ ಬರುತ್ತದೆ. ಟರ್ಬೊ ಹಾಳಾಗಿದೆ ಎಂದು ಬಿಚ್ಚಿಸುವ ಮೊದಲು ಆಯಿಲ್ ಮಟ್ಟ ನೋಡಿ ಎಂದು ಹೇಳುವುದು ಇದಕ್ಕೇ.

ಏನೇನು ಬೇಕು

ಬಾಗುವ ಡಿಪ್‌ಸ್ಟಿಕ್ಕಿನಲ್ಲಿ ನಾಲ್ಕು ಭಾಗಗಳು. ಬ್ಲಾಕಿನ ತೂತಿಗೆ ಕೂರುವ ಲೋಹದ ಅಡಾಪ್ಟರ್, ಅದರಿಂದ ಮೇಲೇರುವ ಸ್ಟೀಲ್ ಹೆಣಿಗೆಯ ಹೊರಕವಚ, ಕವಚದೊಳಗೆ ಜಾರುವ ಕೇಬಲ್ ಮತ್ತು ಅದರ ತುದಿಯ ಚಪ್ಪಟೆ ಪಟ್ಟಿ, ಮೇಲ್ಗಡೆ ಓ-ರಿಂಗ್ ಇರುವ ಹಿಡಿ. ಟರ್ಬೊ ಎಂಜಿನ್‌ಗೆ ಬೀಗದಂತೆ ತಿರುಗಿಸಿ ಬಿಗಿಯುವ ಹಿಡಿಯನ್ನೇ ಕೊಳ್ಳಿ. ಬರೀ ಒತ್ತಿ ಕೂರಿಸುವ ಹಿಡಿ ಬೇಡ, ಕಾರಣ ಮುಂದೆ ಬರುತ್ತದೆ.

ಅಮೆರಿಕದ ಲೋಕಾರ್‌ನಂಥ ಕಂಪನಿಗಳು ಅಲ್ಲಿನ ವಿ8 ಎಂಜಿನ್‌ಗಳಿಗೆ ಇಂಥ ಕಿಟ್‌ಗಳನ್ನು ಮಾಡುತ್ತವೆ. ಅಲ್ಲಿರುವ ನಮ್ಮವರು ಕೊಳ್ಳುವಾಗ ಎಂಜಿನ್ ಪೀಳಿಗೆ ನೋಡಿಕೊಳ್ಳಿ. ಷೆವ್ರೊಲೆಯ ಹಳೆಯ ಸ್ಮಾಲ್ ಬ್ಲಾಕಿನಲ್ಲಿ 1980ಕ್ಕಿಂತ ಮೊದಲು ಡಿಪ್‌ಸ್ಟಿಕ್ ಅಲ್ಲಿನ ಚಾಲಕನ ಬದಿಗೆ, ಅಂದರೆ ಎಡಕ್ಕೆ ಇತ್ತು, ಆಮೇಲೆ ಬಲಕ್ಕೆ ಬಂತು. ಅದೇ ಕಂಪನಿಯ ಹೊಸ ಪೀಳಿಗೆಯ ಎಲ್‌ಎಸ್ ಸರಣಿಯಲ್ಲೂ ಅದು ಬಲಕ್ಕೇ ಇದ್ದು, ಪೈಪಿನ ಬುಡದಲ್ಲಿ ಓ-ರಿಂಗ್ ಇರುತ್ತದೆ. ಭಾರತದಲ್ಲಿ ಓಡುವ ನಾಲ್ಕು ಸಿಲಿಂಡರಿನ ಎಂಜಿನ್‌ಗಳಿಗೆ ಹೇಳಿ ಮಾಡಿಸಿದ ಕಿಟ್ ಸಿಗದಿದ್ದರೆ ಸಾರ್ವತ್ರಿಕ ಕಿಟ್ ಕೊಂಡು, ಬುಡದ ಅಡಾಪ್ಟರ್ ಮಾತ್ರ ಲೇತ್‌ನಲ್ಲಿ ಮಾಡಿಸಿಕೊಳ್ಳಿ.

ಇವನ್ನೂ ಹತ್ತಿರ ಇಟ್ಟುಕೊಳ್ಳಿ: ವರ್ನಿಯರ್ ಕ್ಯಾಲಿಪರ್, ರಸಮಟ್ಟ, ಸಣ್ಣ ಅರ, ಸಾಣೆ ಡಿಸ್ಕ್ ಇರುವ ಕಟರ್, ಬ್ರೇಕ್ ಕ್ಲೀನರ್, ರಬ್ಬರ್ ಒಳಪದರ ಇರುವ ಪಿ-ಕ್ಲ್ಯಾಂಪ್ ಎರಡು ಮೂರು, ಸಿಲಿಕಾನ್ ಲೇಪಿತ ಗಾಜಿನಾರಿನ ಶಾಖ ನಿರೋಧಕ ತೋಳು, ಒಂದೂವರೆ ಮೀಟರ್ ಪಾರದರ್ಶಕ ಪಿವಿಸಿ ಹೋಸು, ಅಳತೆಯ ಜಗ್ಗು, ಹೊಸ ಆಯಿಲ್ ಮತ್ತು ಫಿಲ್ಟರ್. ಓ-ರಿಂಗ್‌ಗಳು ವೈಟಾನ್‌ನದ್ದೇ ಆಗಿರಲಿ. ಅದು ಸುಮಾರು 200 ಡಿಗ್ರಿ ಸೆಲ್ಸಿಯಸ್ ತಡೆಯುತ್ತದೆ. ಮಾಮೂಲಿ ಕಪ್ಪು ನೈಟ್ರೈಲ್ ರಬ್ಬರ್ 100-120 ಡಿಗ್ರಿಯಲ್ಲೇ ಗಟ್ಟಿಯಾಗತೊಡಗುತ್ತದೆ, ಟರ್ಬೊ ಪಕ್ಕದಲ್ಲಿ ಬಾಳುವುದಿಲ್ಲ.

ಹಂತ 1: ಹಳೆಯ ಡಿಪ್‌ಸ್ಟಿಕ್ ತೆಗೆಯುವ ಮೊದಲೇ ಅಳತೆ

ಹಳೆಯದು ಇನ್ನೂ ಜಾಗದಲ್ಲಿದ್ದರೆ ನಿಮ್ಮ ಕೆಲಸ ಅರ್ಧ ಮುಗಿದಂತೆ. ಅದನ್ನು ಕಿತ್ತು ಮೂಲೆಗೆ ಎಸೆದ ಮೇಲೆ ಅಳತೆ ಹುಡುಕುವುದು ಕಷ್ಟ.

ಕಾರನ್ನು ಸಮತಟ್ಟಾದ ನೆಲದಲ್ಲಿ ನಾಲ್ಕೂ ಚಕ್ರಗಳ ಮೇಲೆ ನಿಲ್ಲಿಸಿ, ಎಂಜಿನ್ ಬಿಸಿ ಮಾಡಿ, ನಿಲ್ಲಿಸಿದ ಹತ್ತು ನಿಮಿಷದ ನಂತರ ಆಯಿಲ್ ಸರಿಯಾಗಿ ಮ್ಯಾಕ್ಸ್ ಗೆರೆಗೆ ಬರುವಂತೆ ಮಾಡಿ. ಎಂಜಿನ್ ಪೂರ್ತಿ ಆರಿದ ಮೇಲೆ ಮತ್ತೊಮ್ಮೆ ನೋಡಿ ಬರೆದಿಟ್ಟುಕೊಳ್ಳಿ. ಆಮೇಲೆ ಹಳೆಯ ಕಡ್ಡಿಯನ್ನು ಪೈಪಿನೊಳಗೆ ಪೂರ್ತಿ ಕೂರಿಸಿ, ಹಂತ 2ರಲ್ಲಿ ಹೇಳಿದಂತೆ ಪೈಪು ಸಮೇತ ಹೊರತೆಗೆದು, ಪೈಪು ಬ್ಲಾಕಿಗೆ ತಾಗಿ ನಿಲ್ಲುವ ಏಣಿನಿಂದ ಕಡ್ಡಿಯ ತುದಿಯವರೆಗೆ ಎಷ್ಟು ಮಿಲಿಮೀಟರ್ ಎಂದು ಅಳೆಯಿರಿ. ಅದೇ ಏಣಿನಿಂದ ಮ್ಯಾಕ್ಸ್ ಮತ್ತು ಮಿನ್ ಗೆರೆಗಳಿಗೆ ಇರುವ ದೂರವನ್ನೂ ಬರೆದುಕೊಳ್ಳಿ. ಹೊಸ ಕಡ್ಡಿಯ ಉದ್ದ ಕತ್ತರಿಸುವುದು ಈ ಮೂರು ಅಂಕಿಗಳ ಆಧಾರದ ಮೇಲೆ.

ಹಂತ 2: ಹಳೆಯ ಪೈಪು ಕೀಳುವುದು

ಪೈಪಿನ ಬುಡದ ಸುತ್ತ ಅಂಟಿರುವ ಮಣ್ಣು, ಜಿಡ್ಡನ್ನು ಬ್ರೇಕ್ ಕ್ಲೀನರಿನಿಂದ ತೊಳೆದು ಗಾಳಿ ಹೊಡೆಯಿರಿ. ಪೈಪು ಎದ್ದ ಕೂಡಲೇ ಆ ಮರಳೆಲ್ಲ ನೇರ ಸಂಪಿಗೆ ಬೀಳುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಅರ್ಧ ಗಂಟೆ ಬಿಟ್ಟು, ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ತಿರುಚುತ್ತಾ ಮೇಲೆಳೆಯಿರಿ. ಪಕ್ಕಕ್ಕೆ ಮೀಟಬೇಡಿ, ಪೈಪು ಬ್ಲಾಕಿನ ಮಟ್ಟಕ್ಕೆ ತುಂಡಾಗುತ್ತದೆ. ತುಂಡಾದರೆ ಉಳಿದ ಚೂರಿನೊಳಗೆ ಗ್ರೀಸ್ ಮೆತ್ತಿದ ಟ್ಯಾಪ್‌ನಿಂದ ಗರೆ (ಥ್ರೆಡ್) ಕೊರೆದು, ಬೋಲ್ಟ್ ಹಾಕಿ ಎಳೆಯಿರಿ. ಲೋಹದ ಪುಡಿ ಗ್ರೀಸಿಗೆ ಅಂಟಿಕೊಳ್ಳುತ್ತದೆ. ಆದರೂ ಇಂಥ ಸಂದರ್ಭದಲ್ಲಿ ಸಂಪ್ ಇಳಿಸಿ ತೊಳೆಯದೆ ಎಂಜಿನ್ ಸ್ಟಾರ್ಟ್ ಮಾಡಬೇಡಿ. ತೂತಿನ ಗೋಡೆಯನ್ನು ಉಪ್ಪುಕಾಗದದಿಂದ ಉಜ್ಜುವ ಆಸೆಯೂ ಬೇಡ, ನೂಲು ಬಿಡದ ಬಟ್ಟೆಯಿಂದ ಒರೆಸಿದರೆ ಸಾಕು.

ಹಂತ 3: ಅಡಾಪ್ಟರ್

ಬ್ಲಾಕಿನ ತೂತನ್ನು ವರ್ನಿಯರ್‌ನಲ್ಲಿ ಎರಡು ದಿಕ್ಕಿನಲ್ಲಿ ಅಳೆಯಿರಿ. ಅಡಾಪ್ಟರ್ ಓ-ರಿಂಗ್ ಬಗೆಯದ್ದಾದರೆ ಕೈಯಿಂದ ಒತ್ತಿದಾಗ ಬಿಗಿಯಾಗಿ ಕೂರಬೇಕು. ಓ-ರಿಂಗ್‌ಗೆ ಆಯಿಲ್ ಸವರಿ ಕೂರಿಸಿ. ಒಣ ಓ-ರಿಂಗ್ ತೂತಿನ ಅಂಚಿಗೆ ಸಿಕ್ಕಿ ಕತ್ತರಿಸಿಕೊಂಡರೆ ಹೊರಗಿನಿಂದ ಕಾಣುವುದಿಲ್ಲ, ಹತ್ತು ಕಿಲೋಮೀಟರ್ ಓಡಿಸಿದ ಮೇಲೆ ಬ್ಲಾಕಿನ ಪಕ್ಕ ಒದ್ದೆಯಾದಾಗಲೇ ಗೊತ್ತಾಗುವುದು. ಲೋಹಕ್ಕೆ ಲೋಹ ಕೂರುವ ಬಗೆಯದ್ದಾದರೆ ಎರಡೂ ಮೈಯನ್ನು ಜಿಡ್ಡಿಲ್ಲದಂತೆ ಒರೆಸಿ ಲಾಕ್‌ಟೈಟ್ 620ರಂಥ, 230 ಡಿಗ್ರಿವರೆಗೆ ತಾಳುವ ಅಂಟನ್ನು ತೆಳುವಾಗಿ ಹಚ್ಚಿ. ಅದು ಗಟ್ಟಿಯಾಗಲು ಒಂದು ದಿನ ಬಿಡಿ.

ಗರೆಯ ಅಡಾಪ್ಟರಿಗೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಟೇಪಿನ ಎಳೆ ಹರಿದು ಸಂಪಿಗೆ ಬಿದ್ದು, ಆಯಿಲ್ ಪಂಪಿನ ಜಾಲರಿಗೆ ಸುತ್ತಿಕೊಳ್ಳುತ್ತದೆ. ಟರ್ಬೊಗೆ ಆಯಿಲ್ ಹೋಗುವ ತೂತು ಒಂದೆರಡು ಮಿಲಿಮೀಟರ್ ಮಾತ್ರ ಇರಬಹುದು. ದ್ರವರೂಪದ ಸೀಲರನ್ನೇ ಬಳಸಿ, ಅದನ್ನೂ ಮೊದಲ ಎರಡು ಗರೆ ಬಿಟ್ಟು ಹಚ್ಚಿ.

ಹಂತ 4: ಕವಚದ ದಾರಿ

ಕವಚವನ್ನು ಇನ್ನೂ ಕತ್ತರಿಸಬೇಡಿ. ಅದನ್ನು ಬೇರೆ ಬೇರೆ ದಾರಿಯಲ್ಲಿ ಹಿಡಿದು ನೋಡಿ.

ಅಡಾಪ್ಟರಿನಿಂದ ಹೊರಟ ಮೊದಲ 80-100 ಮಿಮೀ ನೇರವಾಗಿರಲಿ. ಅಲ್ಲೇ ಬಾಗಿದರೆ ತುದಿಯ ಪಟ್ಟಿ ಸಿಕ್ಕಿಕೊಳ್ಳುತ್ತದೆ. ಎಲ್ಲೇ ಬಾಗಿದರೂ ತಿರುವಿನ ತ್ರಿಜ್ಯ 100 ಮಿಮೀಗಿಂತ ಕಡಿಮೆ ಬೇಡ, ಒಟ್ಟು ತಿರುವುಗಳು ಎರಡಕ್ಕಿಂತ ಹೆಚ್ಚು ಬೇಡ. ಬುಡದಿಂದ ಹಿಡಿಯವರೆಗೆ ಏರುತ್ತಲೇ ಹೋಗಬೇಕು. ನಡುವೆ ತಗ್ಗಿದ್ದರೆ ಅಲ್ಲಿ ಆಯಿಲ್ ನಿಂತು ಪ್ರತಿ ಸಲವೂ ಕಡ್ಡಿ ಒದ್ದೆಯಾಗಿ ಬರುತ್ತದೆ.

ಶಾಖದ ವಿಷಯದಲ್ಲಿ ರಾಜಿ ಬೇಡ. ಪೆಟ್ರೋಲ್ ಎಂಜಿನ್‌ನಲ್ಲಿ ಟರ್ಬೈನಿಗೆ ಬರುವ ಅನಿಲ 900 ಡಿಗ್ರಿಯ ಆಸುಪಾಸು ಇರುತ್ತದೆ. ಟರ್ಬೈನ್ ಹೌಸಿಂಗ್, ಡೌನ್‌ಪೈಪ್, ವೇಸ್ಟ್‌ಗೇಟ್ (ಹೆಚ್ಚುವರಿ ಎಕ್ಸಾಸ್ಟ್ ಅನಿಲವನ್ನು ಟರ್ಬೈನ್ ತಪ್ಪಿಸಿ ಬಿಡುವ ವಾಲ್ವ್) ಪೈಪು, ಈ ಮೂರರಿಂದಲೂ ಕನಿಷ್ಠ 50 ಮಿಮೀ, ಸಾಧ್ಯವಾದರೆ 100 ಮಿಮೀ ದೂರ ಇರಲಿ. ಗಾಜಿನಾರಿನ ತೋಳು ನಿರಂತರವಾಗಿ ತಡೆಯುವುದು 260 ಡಿಗ್ರಿಯವರೆಗೆ ಮಾತ್ರ. ತೋಳು ಹಾಕಿದ್ದೇನೆ ಎಂದು ಕವಚವನ್ನು ಹೌಸಿಂಗಿಗೆ ಒರಗಿಸಿದರೆ ಒಳಗಿನ ಪ್ಲಾಸ್ಟಿಕ್ ಪದರ ಮೆತ್ತಗಾಗಿ ಕೇಬಲ್ಲಿಗೆ ಅಂಟಿಕೊಳ್ಳುತ್ತದೆ. ಜಾಗವೇ ಇಲ್ಲದಿದ್ದರೆ ನಡುವೆ ತೆಳು ಸ್ಟೀಲ್ ಹಾಳೆಯ ತಡೆ ಹಾಕಿ, ಹಾಳೆಗೂ ಕವಚಕ್ಕೂ 10 ಮಿಮೀ ಗಾಳಿ ಬಿಡಿ.

ಹಿಡಿಯನ್ನು ಎಂಜಿನ್ ಮೇಲೆಯೇ, ಹೆಡ್ಡಿನ ಯಾವುದಾದರೂ ಖಾಲಿ ಬೋಲ್ಟಿಗೆ ಕಟ್ಟುವುದು ಒಳ್ಳೆಯದು. ಫೈರ್‌ವಾಲ್‌ಗೆ, ಅಂದರೆ ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿಗೆ ಕಟ್ಟುವ ಕಿಟ್‌ಗಳೂ ಇವೆ. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಮೌಂಟಿನ ಮೇಲೆ ವಾಲುತ್ತದೆ, ತಗಡು ವಾಲುವುದಿಲ್ಲ. ಹಾಗೆ ಕಟ್ಟುವವರು ಕವಚದಲ್ಲಿ 30 ಮಿಮೀಯಷ್ಟಾದರೂ ಸಡಿಲ ಬಿಡಬೇಕು, ಇಲ್ಲದಿದ್ದರೆ ಅಡಾಪ್ಟರ್ ಬುಡದಲ್ಲೇ ಎದ್ದು ಬರುತ್ತದೆ.

ಹಂತ 5: ಕತ್ತರಿಸುವುದು

ದಾರಿ ನಿಶ್ಚಯವಾದ ಮೇಲೆ ಕವಚ ಕತ್ತರಿಸಬೇಕಾದ ಕಡೆ ಗಟ್ಟಿ ಟೇಪ್ ಸುತ್ತಿ, ಟೇಪಿನ ಮೇಲೆಯೇ ಡಿಸ್ಕ್ ಕಟರಿನಿಂದ ಕತ್ತರಿಸಿ. ಕಟಿಂಗ್ ಪ್ಲೇಯರ್ ಬಳಸಿದರೆ ಹೆಣಿಗೆ ಬಿಚ್ಚಿಕೊಳ್ಳುತ್ತದೆ. ಕತ್ತರಿಸುವುದು ಕಾರಿನಿಂದ ದೂರದಲ್ಲಿ. ಆಮೇಲೆ ಕವಚದೊಳಗೆ ಬ್ರೇಕ್ ಕ್ಲೀನರ್ ಸುರಿದು, ಗಾಳಿ ಹೊಡೆದು, ಬಿಳಿ ಬಟ್ಟೆಯ ಚೂರನ್ನು ತಂತಿಗೆ ಕಟ್ಟಿ ಎಳೆದು ನೋಡಿ. ಬಟ್ಟೆ ಕಪ್ಪಾಗುತ್ತಿದ್ದರೆ ಇನ್ನೊಮ್ಮೆ. ಈ ಪುಡಿ ಸಂಪಿಗಿಳಿದರೆ ಮೊದಲು ತಿನ್ನುವುದು ಆಯಿಲ್ ಪಂಪನ್ನೇ.

ಕಡ್ಡಿಯ ತುದಿಯನ್ನು ಹಂತ 1ರ ಅಳತೆಗಿಂತ 20 ಮಿಮೀ ಉದ್ದ ಬಿಟ್ಟು ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಇಳಿಸಿ. ಕೊನೆಗೆ ತುದಿ ಸಂಪಿನ ತಳದಿಂದ 8-10 ಮಿಮೀ ಮೇಲಿರಬೇಕು. ಅಂಚನ್ನು ಅರದಿಂದ ನಯ ಮಾಡಿ. ತುದಿಯಲ್ಲಿ ಪಟ್ಟಿಯಿಲ್ಲದೆ ಬರೀ ಕೇಬಲ್ ಇರುವ ಕಿಟ್ಟಾದರೆ ಕತ್ತರಿಸಿದ ಎಳೆಗಳನ್ನು ಬೆಳ್ಳಿ ಬೆಸುಗೆಯಿಂದ ಕೂಡಿಸಲೇಬೇಕು.

ಹಂತ 6: ಕ್ರ್ಯಾಂಕಿಗೆ ತಾಗುತ್ತದೆಯೇ?

ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಕಂಪನಿಯ ಗಟ್ಟಿ ಕಡ್ಡಿ ಹೋಗುವ ದಾರಿಯನ್ನು ಪೈಪು ಹಿಡಿದಿಡುತ್ತಿತ್ತು. ಬಾಗುವ ಕಡ್ಡಿ ಬ್ಲಾಕಿನೊಳಗೆ ಹೋದ ಮೇಲೆ ತನ್ನ ಸುರುಳಿಯ ನೆನಪಿನಂತೆ ಒಂದು ಬದಿಗೆ ಬಾಗಬಹುದು. ಆ ಬದಿ ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ಶಾಫ್ಟಿನ ಕಡೆಗಿದ್ದರೆ, ಅದರ ಸಮತೋಲನದ ತೂಕ (ಕೌಂಟರ್‌ವೇಟ್) ಕಡ್ಡಿಯನ್ನು ಕತ್ತರಿಸಿ ಸಂಪಿಗೆ ಬೀಳಿಸುತ್ತದೆ.

ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಕಡ್ಡಿಯನ್ನು ಪೂರ್ತಿ ಕೂರಿಸಿ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ ತಿರುಗುವ ದಿಕ್ಕಿನಲ್ಲೇ ಎರಡು ಪೂರ್ತಿ ಸುತ್ತು ನಿಧಾನವಾಗಿ ತಿರುಗಿಸಿ. ಇನ್ನೊಂದು ಕೈ ಹಿಡಿಯ ಮೇಲಿರಲಿ. ತಾಗಿದರೆ ಹಿಡಿಯಲ್ಲಿ ಸಣ್ಣ ಮಿಡಿತ ಗೊತ್ತಾಗುತ್ತದೆ. ಕಡ್ಡಿಗೆ ಮಾರ್ಕರ್ ಶಾಯಿ ಬಳಿದು ನೋಡಿದರೆ ಉಜ್ಜಿದ ಜಾಗವೂ ಕಾಣುತ್ತದೆ. ತಾಗುತ್ತಿದ್ದರೆ ಕೇಬಲ್ಲನ್ನು ಹಿಡಿಯಲ್ಲಿ ಅರ್ಧ ಸುತ್ತು ತಿರುಗಿಸಿ ಬಾಗು ಹೊರಗಡೆ ಬರುವಂತೆ ಮಾಡಿ, ಹಿಡಿ ಯಾವ ದಿಕ್ಕಿಗಿರಬೇಕು ಎಂದು ಬಣ್ಣದ ಚುಕ್ಕೆ ಇಡಿ. ದೊಡ್ಡ ಸ್ಟ್ರೋಕಿನ ಕ್ರ್ಯಾಂಕ್ ಹಾಕಿಸಿದವರಿಗೆ ಈ ಪರೀಕ್ಷೆ ಇನ್ನೂ ಅಗತ್ಯ.

ಹಂತ 7: ಗುರುತು ಹಾಕುವುದು

ಮೊದಲು ಎಲ್ಲ ಕ್ಲ್ಯಾಂಪ್‌ಗಳನ್ನೂ ಅಂತಿಮವಾಗಿ ಬಿಗಿಯಿರಿ. ಗುರುತು ಹಾಕಿದ ಮೇಲೆ ಕವಚದ ದಾರಿ ಬದಲಿಸಿದರೆ ಗುರುತೂ ಸುಳ್ಳಾಗುತ್ತದೆ. ಲೆಕ್ಕ ಹೀಗೆ: ಕವಚದ ಒಳವ್ಯಾಸ 8 ಮಿಮೀ, ಕೇಬಲ್ 4 ಮಿಮೀ ಎಂದುಕೊಳ್ಳಿ. ತಿರುವಿನಲ್ಲಿ ಕೇಬಲ್ ನಡುವಿನಿಂದ 2 ಮಿಮೀ ಪಕ್ಕಕ್ಕೆ ಸರಿಯಬಹುದು. 90 ಡಿಗ್ರಿಯ ಒಂದು ತಿರುವಿಗೆ ಅದು ಸುಮಾರು 3 ಮಿಮೀ ಉದ್ದದ ವ್ಯತ್ಯಾಸ, ಎರಡು ತಿರುವಿಗೆ 6 ಮಿಮೀ. ನಿಮ್ಮ ಮಿನ್-ಮ್ಯಾಕ್ಸ್ ನಡುವೆ 20 ಮಿಮೀ ಇದ್ದು ಅದು ಒಂದು ಲೀಟರಿಗೆ ಸಮವಾದರೆ, 6 ಮಿಮೀ ಅಂದರೆ 300 ಮಿಲಿ ಆಯಿಲ್. ಕಡ್ಡಿಯನ್ನು ಪ್ರತಿ ಸಲವೂ ಕೊನೆಯವರೆಗೆ ಒತ್ತಿ, ಹಿಡಿ ಲಾಕ್ ಮಾಡಿಯೇ ಓದಬೇಕು ಎನ್ನುವುದೂ ಇದೇ ಕಾರಣಕ್ಕೆ.

ಸಂಪ್ ಮೂಲದ್ದೇ ಆಗಿದ್ದು, ಹಂತ 1ರಲ್ಲಿ ಹೊಂದಿಸಿದ ಆಯಿಲ್ ಇನ್ನೂ ಅದರಲ್ಲೇ ಇದ್ದರೆ ಸುಲಭ. ಆರಿದ ಎಂಜಿನ್‌ಗೆ ಹೊಸ ಕಡ್ಡಿ ಇಳಿಸಿ, ಒರೆಸಿ, ಮತ್ತೆ ಇಳಿಸಿ, ಆಯಿಲ್ ಎಲ್ಲಿಗೆ ಬಂತೋ ಅಲ್ಲಿ ಪೆನ್ಸಿಲ್ ಗೆರೆ. ಮೂರು ಸಲ ನೋಡಿ. ಮೂರೂ 2 ಮಿಮೀ ಒಳಗೆ ಬರದಿದ್ದರೆ ಕಡ್ಡಿ ಎಲ್ಲೋ ಸಿಕ್ಕಿಕೊಳ್ಳುತ್ತಿದೆ, ಹಂತ 4ಕ್ಕೆ ಮರಳಿ. ಆಮೇಲೆ ಡ್ರೈನ್ ಬೋಲ್ಟಿನಿಂದ ಮ್ಯಾನ್ಯುಯಲ್ ಹೇಳುವ ಮಿನ್-ಮ್ಯಾಕ್ಸ್ ಅಂತರದಷ್ಟು, ಬಹಳಷ್ಟು ಕಾರುಗಳಲ್ಲಿ ಒಂದು ಲೀಟರ್, ಜಗ್ಗಿಗೆ ಇಳಿಸಿ ಮಿನ್ ಗೆರೆ ಗುರುತಿಸಿ.

ಸಂಪನ್ನೇ ಬದಲಿಸಿದ್ದರೆ, ಹಳೆಯ ಪೈಪು ಯಾವಾಗಲೋ ಹೋಗಿದ್ದರೆ, ಲೀಟರ್ ಲೆಕ್ಕವೊಂದನ್ನೇ ನಂಬಬೇಡಿ. ಮ್ಯಾನ್ಯುಯಲ್‌ನಲ್ಲಿರುವ ಅಂಕಿ ಡ್ರೈನ್ ಮಾಡಿ ತುಂಬುವಾಗಿನದು, ಪೂರ್ತಿ ಬಿಚ್ಚಿ ಕಟ್ಟಿದ ಒಣ ಎಂಜಿನ್‌ಗೆ ಅದಕ್ಕಿಂತ ಹೆಚ್ಚು ಬೇಕು. ನೀವು ಸೇರಿಸಿದ ಆಯಿಲ್ ಕೂಲರ್, ಹೋಸುಗಳೂ ತಮ್ಮ ಪಾಲು ನುಂಗುತ್ತವೆ. 14 ಮಿಮೀ ಒಳವ್ಯಾಸದ ಹೋಸಿನಲ್ಲೇ ಮೀಟರಿಗೆ 150 ಮಿಲಿ ಹಿಡಿಯುತ್ತದೆ. ಎಂಜಿನ್‌ಗೆ ನಿಜವಾಗಿ ಬೇಕಾದದ್ದು ಎತ್ತರ: ಕ್ರ್ಯಾಂಕ್ ಕಡೆಯಬಾರದಷ್ಟು ಕೆಳಗೆ, ಪಂಪಿನ ಬಾಯಿ ಬರಿದಾಗದಷ್ಟು ಮೇಲೆ. ಸಂಪಿನ ಆಕಾರ ಏನೇ ಆಗಲಿ, ಬ್ಲಾಕ್ ಮತ್ತು ಸಂಪ್ ಕೂಡುವ ಗ್ಯಾಸ್ಕೆಟ್ ಗೆರೆಯಿಂದ ಮ್ಯಾಕ್ಸ್ ಮಟ್ಟ ಎಷ್ಟು ಕೆಳಗೆ ಎಂಬ ಅಂಕಿ ಬದಲಾಗುವುದಿಲ್ಲ. ಅದೇ ಎಂಜಿನ್ ಇರುವ, ಏನೂ ಬದಲಿಸದ ಇನ್ನೊಂದು ಕಾರಿನಲ್ಲಿ ಅದನ್ನು ಅಳೆಯಬಹುದು.

ಅಳೆಯಲು ಪಾರದರ್ಶಕ ಹೋಸು. ಡ್ರೈನ್ ಬೋಲ್ಟಿನ ಅಳತೆಯ ಒಂದು ಹಳೆ ಬೋಲ್ಟಿಗೆ ನಡುವೆ ತೂತು ಕೊರೆಸಿ, ಹೋಸು ಸಿಕ್ಕಿಸಿ, ಬಿಗಿದು, ಹೋಸನ್ನು ಎಂಜಿನ್ ಪಕ್ಕ ನೇರ ಮೇಲಕ್ಕೆ ಕಟ್ಟಿ. ಗೋಡೆಗೆ ಮಟ್ಟ ಹಾಕಲು ಗಾರೆಯವರು ನೀರಿನ ಹೋಸು ಹಿಡಿಯುವ ಹಾಗೆಯೇ ಇದು. ಎಂಜಿನ್ ಆಯಿಲ್ ಕ್ಯಾಪ್ ತೆರೆದಿಡಿ, ಹೋಸಿನಲ್ಲಿ ಗಾಳಿಗುಳ್ಳೆ ಉಳಿಯದಿರಲಿ, ಆಯಿಲ್ ನಿಲ್ಲಲು ಇಪ್ಪತ್ತು ನಿಮಿಷ ಕೊಡಿ. ಕಾರು ಮಟ್ಟವಾಗಿದೆಯೇ ಎಂದು ರಸಮಟ್ಟವನ್ನು ಬಾಗಿಲ ಕೆಳಗಿನ ಅಂಚಿನ ಮೇಲಿಟ್ಟು ನೋಡಿ. ಕಾರನ್ನು ತಗ್ಗಿಸಿದ್ದರೆ, ಸಸ್ಪೆನ್ಷನ್ ಬದಲಿಸಿದ್ದರೆ, ಓಡುವಾಗ ಹೇಗೆ ನಿಲ್ಲುತ್ತದೋ ಹಾಗೆಯೇ ನಿಲ್ಲಿಸಿ ಗುರುತು ಹಾಕಿ. ಜ್ಯಾಕ್ ಮೇಲಲ್ಲ.

ಮ್ಯಾಕ್ಸ್ ಎತ್ತರಕ್ಕೆ ಆಯಿಲ್ ಬಂದಾಗ ಇನ್ನೊಂದನ್ನೂ ಖಾತ್ರಿ ಮಾಡಿಕೊಳ್ಳಿ. ಟರ್ಬೊ ರಿಟರ್ನ್ ಪೈಪು ಸಂಪಿಗೆ ಸೇರುವ ಬಾಯಿಯ ಕೆಳ ಅಂಚು ಈ ಮಟ್ಟಕ್ಕಿಂತ ಮೇಲಿರಬೇಕು. ಕೆಳಗಿದ್ದರೆ ಆಯಿಲ್ ಕಡಿಮೆ ಹಾಕಿ ಸರಿದೂಗಿಸಲು ಹೋಗಬೇಡಿ, ಬಾಯಿಯನ್ನೇ ಮೇಲಕ್ಕೆ ಬೆಸೆಸಿ.

ಕಾಯಂ ಗುರುತಿಗೆ ಪಟ್ಟಿಯ ಅಂಚಿನಲ್ಲಿ ಅರದಿಂದ ಅರ್ಧ ಮಿಲಿಮೀಟರ್ ಆಳದ ಗೀರು ಸಾಕು. ಆಳವಾಗಿ ಕೊರೆದರೆ ಮುಂದೊಂದು ದಿನ ಅಲ್ಲೇ ಮುರಿಯುತ್ತದೆ. ಬಣ್ಣ, ಟೇಪು, ಶ್ರಿಂಕ್ ಟ್ಯೂಬ್ ಯಾವುದೂ ಬಿಸಿ ಆಯಿಲಿನಲ್ಲಿ ನಿಲ್ಲುವುದಿಲ್ಲ.

ಹಂತ 8: ಮೊದಲ ಸ್ಟಾರ್ಟ್, ಮೊದಲ ಬೂಸ್ಟ್

ಐಡಲ್‌ನಲ್ಲಿ ಮೂರು ನಿಮಿಷ ಓಡಿಸಿ, ಅಡಾಪ್ಟರ್ ಬುಡಕ್ಕೆ ಬಿಳಿ ಕಾಗದ ಒತ್ತಿ ನೋಡಿ. ನಿಲ್ಲಿಸಿ, ಹತ್ತು ನಿಮಿಷದ ನಂತರ ಮಟ್ಟ ನೋಡಿ. ಹೊಸ ಫಿಲ್ಟರ್, ಕೂಲರ್ ತುಂಬಿಕೊಂಡು ಮಟ್ಟ ಇಳಿದಿರುತ್ತದೆ, ಮ್ಯಾಕ್ಸ್‌ಗೆ ತುಂಬಿ. ಕವಚದ ಗೋಡೆಗೆ ಅಂಟಿದ ಆಯಿಲ್ ಕಡ್ಡಿಗೆ ಸವರಿ ಒಂದು ಮುಖದಲ್ಲಿ ಮಟ್ಟ ಎತ್ತರ ಕಾಣಿಸಿದರೆ ಎರಡು ಮುಖಗಳಲ್ಲಿ ಕೆಳಗಿರುವುದನ್ನೇ ಲೆಕ್ಕಕ್ಕೆ ಹಿಡಿಯಿರಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಓದಿದ್ದು ಎಲ್ಲಕ್ಕಿಂತ ನಂಬಿಕೆಗೆ ಅರ್ಹ.

ಪೂರ್ತಿ ಬೂಸ್ಟಿನಲ್ಲಿ, ಅಂದರೆ ಟರ್ಬೊ ಇನ್‌ಟೇಕಿಗೆ ಪೂರ್ತಿ ಒತ್ತಡ ಕೊಡುವಂತೆ, ಒಮ್ಮೆ ಓಡಿಸಿ ಬಂದ ಕೂಡಲೇ ಹಿಡಿಯ ಸುತ್ತ ನೋಡಿ. ಪಿಸ್ಟನ್ ರಿಂಗ್ ದಾಟಿ ಕೆಳಗಿಳಿಯುವ ಅನಿಲ, ಬ್ಲೋ-ಬೈ, ಟರ್ಬೊ ಎಂಜಿನ್‌ನಲ್ಲಿ ಹೆಚ್ಚು. ಅದು ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಕಟ್ಟಿ, ಬರೀ ಒತ್ತಿ ಕೂರಿಸಿದ ಡಿಪ್‌ಸ್ಟಿಕ್ಕನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಹಿಂದೆಯೇ ಆಯಿಲ್ ಟರ್ಬೈನ್ ಹೌಸಿಂಗ್ ಮೇಲೆ ಬಿದ್ದರೆ ಬಾನೆಟ್ ಒಳಗೆ ಬೆಂಕಿ. ಲಾಕ್ ಆಗುವ ಹಿಡಿ ಬೇಕೆಂದದ್ದು ಇದಕ್ಕೆ.

ಹಾಗೆಂದು ಹಿಡಿ ಲಾಕ್ ಮಾಡಿ ಸುಮ್ಮನಿರಬಾರದು. ಹಿಡಿಯ ಓ-ರಿಂಗ್ ಸುತ್ತ ಆಯಿಲ್ ಜಿನುಗುತ್ತಿದ್ದರೆ ಡಿಪ್‌ಸ್ಟಿಕ್ಕನ್ನು ದೂರಬೇಡಿ, ಒತ್ತಡ ಎಲ್ಲಿಂದ ಬರುತ್ತಿದೆ ಹುಡುಕಿ. ಮೊದಲು ನೋಡಬೇಕಾದ್ದು ಪಿಸಿವಿ ವಾಲ್ವ್, ಅಂದರೆ ಕ್ರ್ಯಾಂಕ್‌ಕೇಸಿನ ಹಬೆಯನ್ನು ಇನ್‌ಟೇಕಿಗೆ ಎಳೆಯುವ ಏಕಮುಖ ವಾಲ್ವ್. ಟರ್ಬೊ ಇಲ್ಲದ ಎಂಜಿನ್‌ನ ಹಳೆಯ ವಾಲ್ವ್ ಬೂಸ್ಟನ್ನು ಹಿಂದಕ್ಕೆ ಬಿಟ್ಟುಕೊಂಡರೆ ಇನ್‌ಟೇಕಿನ ಒತ್ತಡವೇ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತದೆ. ಅದಕ್ಕೆ ಗಟ್ಟಿಯಾದ ಚೆಕ್ ವಾಲ್ವ್ ಹಾಕಿ. ಆಮೇಲೆ ವಾಲ್ವ್ ಕವರಿನಿಂದ ಕ್ಯಾಚ್ ಕ್ಯಾನ್‌ಗೆ, ಅಂದರೆ ಹಬೆಯ ಆಯಿಲ್ ಹಿಡಿಯುವ ಡಬ್ಬಿಗೆ, ಹೋಗುವ ಹೋಸು ದಪ್ಪ ಸಾಲದೇ, ಮಡಚಿದೆಯೇ ನೋಡಿ. ಇವೆರಡೂ ಸರಿಯಿದ್ದರೆ ಕಂಪ್ರೆಷನ್ ಮತ್ತು ಲೀಕ್-ಡೌನ್ ಪರೀಕ್ಷೆ ಮಾಡಿಸಿ, ರಿಂಗ್‌ಗಳ ಸ್ಥಿತಿ ತಿಳಿಯುತ್ತದೆ.

ನೂರು ಕಿಲೋಮೀಟರ್ ಆದ ಮೇಲೆ ಕ್ಲ್ಯಾಂಪ್‌ಗಳನ್ನು ಮತ್ತೊಮ್ಮೆ ಬಿಗಿಯಿರಿ. ಪ್ರತಿ ಆಯಿಲ್ ಬದಲಾವಣೆಯಲ್ಲಿ ಹಿಡಿಯ ಓ-ರಿಂಗ್ ಉಗುರಿನಿಂದ ಒತ್ತಿ ನೋಡಿ, ಗಟ್ಟಿಯಾಗಿದ್ದರೆ ಬದಲಿಸಿ. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೋ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೋ ಕಾರು ಒಯ್ಯುವವರು ಪ್ರತಿ ಸೆಷನ್ ಮುಗಿದ ಮೇಲೂ ಮಟ್ಟ ನೋಡಿ, ಮಿನ್-ಮ್ಯಾಕ್ಸ್ ಅಂತರದ ಮೇಲಿನ ಅರ್ಧದಲ್ಲೇ ಇರುವಂತೆ ಕಾಯ್ದುಕೊಳ್ಳಿ. ಕವಚ, ಹಿಡಿ, ಸಂಪ್, ಎಂಜಿನ್ ಮೌಂಟ್ ಇವುಗಳಲ್ಲಿ ಯಾವುದನ್ನೇ ಬದಲಿಸಿದರೂ ಹಂತ 6 ಮತ್ತು 7ನ್ನು ಮೊದಲಿನಿಂದ ಮಾಡಿ.